ಕಜ್ಜಿ ಮೇಡಂ

ಮೇಡಂ ಯಾರನ್ನು ಕಂಡರೂ ಮೊದಲು ಕೈ ಹಿಡಿಯುತ್ತಿದ್ದರು. ನಮಸ್ಕಾರಕ್ಕೆ ಜೋಡಿಸಿದ ಕೈಗಳನ್ನೂ ಬಿಡಿಸಿ ಒಂದನ್ನು ತಮ್ಮ ಅಂಗೈಯೊಳಗೆ ತೆಗೆದುಕೊಳ್ಳುತ್ತಿದ್ದರು. ಹೊಸಬರು, ಎಷ್ಟು ಪ್ರೀತಿಯ ಹೆಂಗಸು ಅಂದುಕೊಳ್ಳುತ್ತಿದ್ದರು. ಮಾತಾಡುತ್ತಲೇ ಅವರು ಹೆಬ್ಬೆರಳಿನಿಂದ ಎದುರಿನವರ ಬೆರಳು ಅಗಲಿಸಿ, ಸಂದಿಯಲ್ಲಿ ಗುಳ್ಳೆ ಇದೆಯೇ, ಕೂದಲೆಳೆಯಂಥ ಗೆರೆ ಇದೆಯೇ ಎಂದು ನೋಡುತ್ತಿದ್ದಾರೆ ಎಂಬುದು ನಮಗೆ ಮಾತ್ರ ಗೊತ್ತಿತ್ತು. ಕಜ್ಜಿಯ ಹುಳು ಹೆಚ್ಚಾಗಿ ಮನೆ ಮಾಡುವುದು ಅಲ್ಲಿ. ನಮ್ಮ ಕಾಲೇಜಿನ ಡೀನರ ಕೈಯನ್ನು ಹೀಗೆಯೇ ನೋಡಿದ್ದರು. ಒಮ್ಮೆ ಮದುವೆಯೊಂದರಲ್ಲಿ ಅಕ್ಷತೆ ಹಾಕಿ, ವರನ ಕೈ ಕುಲುಕುತ್ತ ಅದನ್ನೂ ನೋಡಿ, ಊಟಕ್ಕೆ ಕೂತಾಗ ನನ್ನ ಕಿವಿಯಲ್ಲಿ, "ಏನೂ ಇಲ್ಲ, ಛಲೋ ಹುಡುಗ" ಅಂದಿದ್ದರು.

ಕಳೆದ ತಿಂಗಳು ಅವರು ನಾಸಿಕದಲ್ಲಿ ತೀರಿಕೊಂಡರು. ವಾಟ್ಸಾಪ್ ಗುಂಪಿನಲ್ಲಿ ಒಂದು ಹಳೆಯ ಫೋಟೋ ಬಂತು. ಅದರ ಕೆಳಗೆ ಕೈಮುಗಿದ ಚಿತ್ರಗಳು ಸಾಲಾಗಿ ಬಂದವು. ಸಂಜೆಯ ಹೊತ್ತಿಗೆ ಯಾರದೋ ಮಗುವಿನ ಹುಟ್ಟುಹಬ್ಬದ ಕೇಕು ಬಂತು. ಛತ್ರಪತಿ ಸಂಭಾಜಿನಗರದಲ್ಲಿ ಅವರ ಕೈಕೆಳಗೆ ಕೆಲವು ವರ್ಷ ದುಡಿದವಳು ನಾನು. ಅವರ ಬಗ್ಗೆ ಬರೆಯಲು ಕೂತರೆ ಮೊದಲು ನೆನಪಾಗುವುದು ಅವರ ದಣಿವು. ಖುರ್ಚಿಯಲ್ಲಿ ಕೂತ ಕೂಡಲೇ ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ, "ಹೂಂ, ಹೇಳು" ಅನ್ನುತ್ತಿದ್ದರು. ಮಲಗಿದ್ದಾರೋ ಕೇಳುತ್ತಿದ್ದಾರೋ ತಿಳಿಯುತ್ತಿರಲಿಲ್ಲ. ಕೊನೆಗೆ ಕೇಳುವ ಒಂದು ಪ್ರಶ್ನೆಯಿಂದ, ಎಲ್ಲ ಕೇಳಿಸಿಕೊಂಡಿದ್ದಾರೆಂದು ಗೊತ್ತಾಗುತ್ತಿತ್ತು.

ಮೇಡಂ ಇಂಡಿ ಕಡೆಯವರು, ಚರ್ಮರೋಗದ ಡಾಕ್ಟರು. ಗಂಡ ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರ್ ಆದ್ದರಿಂದ ಮನೆ ನಾಸಿಕದಲ್ಲಿ. ಕೆಲಸ ಮಾತ್ರ ಸಂಭಾಜಿನಗರದ ಒಂದು ವೈದ್ಯಕೀಯ ಕಾಲೇಜಿನಲ್ಲಿ. ವಾರವೆಲ್ಲ ಇಲ್ಲಿ ಬಾಡಿಗೆ ಕೋಣೆ, ಶನಿವಾರ ಎಸ್.ಟಿ. ಬಸ್ಸು. ವೈಜಾಪುರ ದಾಟುವವರೆಗೆ ನಿದ್ದೆ, ಯೇವಲಾದಲ್ಲಿ ಚಹಾ, ಮತ್ತೆ ನಿದ್ದೆ. ರೋಗಿಗಳಿಂದ ಅವರಿಗೇ ಕಜ್ಜಿ ಹತ್ತಿದಾಗ ಆ ಶನಿವಾರ ಊರಿಗೆ ಹೋಗುತ್ತಿರಲಿಲ್ಲ. "ನಮ್ಮ ಮನಿಯವರಿಗೆ ನನ್ನ ಹುಳದ ಮ್ಯಾಲ ಭಾಳ ಮರ್ಯಾದಿ. ದೂರಿಂದನ ನಮಸ್ಕಾರ ಮಾಡ್ತಾರ" ಅನ್ನುತ್ತಿದ್ದರು. ಮರಾಠಿಯಲ್ಲಿ ಕಜ್ಜಿಗೆ ಖರೂಜ್ ಅನ್ನುತ್ತಾರೆ. ವಿದ್ಯಾರ್ಥಿಗಳು ಅವರ ಬೆನ್ನ ಹಿಂದೆ 'ಖರೂಜ್ ಮ್ಯಾಡಮ್' ಅನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು.

ನಾನು ಬಾಗಲಕೋಟೆಯವಳು. ಜೀವಿಗಳ ಡಿಎನ್‌ಎಯನ್ನು ಯಂತ್ರ ಓದಿ ಕೊಡುವ ಅಕ್ಷರರಾಶಿಯನ್ನು ಕಂಪ್ಯೂಟರಿನಲ್ಲಿ ಜೋಡಿಸುವುದು ನನ್ನ ಕೆಲಸ. ಸಂದರ್ಶನದ ದಿನ ನನ್ನ ಊರು ಕೇಳಿ, ಮರಾಠಿ ಬಿಟ್ಟು ಕನ್ನಡಕ್ಕೆ ಬಂದರು.

"ಹುಳಾ ಕಂಡ್ರ ಹೇಸ್ತೀ ಏನು?"

"ಇಲ್ರಿ. ನಾ ಕಂಪ್ಯೂಟರ್ ಮುಂದ ಕೂಡಾಕಿ. ಹುಳಾ ನೋಡೂ ಪ್ರಸಂಗ ಬರಂಗಿಲ್ಲ."

"ಬರ್ತದ. ಮಾರಿ ನೋಡಲಾರದ ಅದರ ಜಾತಕ ಓದಬಾರದು, ತಂಗಿ."

ಅಂದೇ ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ದುಂಡಗೆ, ಆಮೆಯ ಹಾಗೆ ಇತ್ತು. ಮೋಟು ಕಾಲು. ಬೆನ್ನ ಮೇಲೆ ಸಣ್ಣ ಮುಳ್ಳು. ನಾನು ನೋಡುತ್ತಿದ್ದಾಗ ಹಿಂದಿನಿಂದ, "ಅದಕ್ಕ ಕಣ್ಣಿಲ್ಲ. ಮೈ ಬಿಸಿ ಹಿಡಕೊಂಡು ಹಾದಿ ಹುಡುಕ್ತದ" ಎಂದರು. ದನಿಯಲ್ಲಿ ಹೇಸಿಗೆ ಇರಲಿಲ್ಲ, ಮೆಚ್ಚುಗೆಯೂ ಇರಲಿಲ್ಲ. ಬಹಳ ವರ್ಷ ಎದುರುಮನೆಯಲ್ಲಿರುವ ಜಗಳಗಂಟಿಯ ಬಗ್ಗೆ ಮಾತಾಡಿದ ಹಾಗಿತ್ತು.

ಅವರು ಈ ಹುಳುವಿನ ಬೆನ್ನು ಹತ್ತಿದ್ದಕ್ಕೆ ಕಾರಣ ಒಂದು ಆಶ್ರಮಶಾಳೆ. ಸಂಭಾಜಿನಗರದಿಂದ ವಾಯವ್ಯಕ್ಕೆ 'ಕನ್ನಡ' ಎಂಬ ಹೆಸರಿನ ತಾಲೂಕು ಊರಿದೆ. ಅದರಾಚೆ ಗುಡ್ಡದ ಬದಿಗೆ, ಮಕ್ಕಳು ಅಲ್ಲೇ ಉಳಿದು ಓದುವ ಒಂದು ಶಾಲೆ. "ಕನ್ನಡಕ್ಕ ಹೋಗಿ ಬರೋಣು ನಡಿ" ಅಂತ ಮೇಡಂ ಹೊರಟರೆ ಇಬ್ಬರಿಗೂ ಸಣ್ಣ ನಗು. ಶಾಲೆ ಮುಟ್ಟಿದ ಮೇಲೆ ಆ ನಗು ಇರುತ್ತಿರಲಿಲ್ಲ. ಮಕ್ಕಳು ತುರಿಸಿಕೊಳ್ಳುತ್ತಲೇ ಪ್ರಾರ್ಥನೆ ಹೇಳುತ್ತಿದ್ದರು, ತುರಿಸಿಕೊಳ್ಳುತ್ತಲೇ ಉಣ್ಣುತ್ತಿದ್ದರು. ಮುಲಾಮು ಕೊಟ್ಟರೆ ಕಡಿಮೆಯಾಗುವುದು, ಕೆಲವು ವಾರಕ್ಕೆ ಮತ್ತೆ ಅದೇ. ಅಲ್ಲಿನ ಮಾಸ್ತರರು, "ಸ್ನಾನ ಮಾಡೋದಿಲ್ಲ ಮ್ಯಾಡಮ್, ಹೊಲಸು ಮಂದಿ, ಮನೆಯಿಂದಲೇ ತರುತ್ತಾರೆ" ಅನ್ನುತ್ತಿದ್ದರು. ಮೇಡಂ ಈ ಮಾತನ್ನು ಬೇರೆ ಬೇರೆ ಊರಲ್ಲಿ, ಬೇರೆ ಬೇರೆ ಭಾಷೆಯಲ್ಲಿ ಕೇಳಿ ಸುಸ್ತಾಗಿದ್ದರು.

"ಹುಳಾ ಔಷಧಕ್ಕ ಬಗ್ಗಲಾರದಂಗ ಬದಲಾಗಿರಬಹುದಲ್ಲ" ಎಂದು ಮರಳಿ ಬರುವಾಗ ಹೇಳಿದರು. "ಹಂಗಿದ್ರ ಈ ಹುಡುಗರದೇನು ತಪ್ಪು? ಅದನ್ನ ಒಮ್ಮೆ ಓದಿ ನೋಡಬೇಕು. ಎಲ್ಲಾರೂ ಬಡವರಿಗೆ ಬೈತಾರ. ಒಂದು ಸಲ ಹುಳಕ್ಕ ಬೈಯೋಣು."

ಕಜ್ಜಿ ಹುಳುವಿನ ಜೀನೋಮ್, ಅಂದರೆ ಅದರ ಡಿಎನ್‌ಎಯ ಅಕ್ಷರಗಳನ್ನೆಲ್ಲ ಓದುವ ನಮ್ಮ ಯೋಜನೆ ಹುಟ್ಟಿದ್ದು ಹೀಗೆ. ಹಣ ತಂದವರು ಬೇರೆ ಊರಿನ ದೊಡ್ಡ ಪ್ರಯೋಗಾಲಯದ ಒಬ್ಬ ಹಿರಿಯ ವಿಜ್ಞಾನಿ. ಮುಖ್ಯಸ್ಥರು ಅವರೇ. ಹುಳು ಹಿಡಿಯುವವರು ಮೇಡಂ.

ಹಿಡಿಯುವುದೇ ಕಷ್ಟ. ಮೈತುಂಬ ತುರಿಸಿಕೊಳ್ಳುವ ಮನುಷ್ಯನಲ್ಲೂ ಹುಳು ಇರುವುದು ಬೆರಳೆಣಿಕೆಯಷ್ಟು. ಚರ್ಮದೊಳಗೆ ಅದು ಕೊರೆದ ಗೆರೆಯ ತುದಿಯನ್ನು ಸೂಜಿಯಿಂದ ಬಿಡಿಸಿ, ಸೂಜಿಯ ಮೊನೆಗೆ ಅಂಟಿ ಬರುವ ಬಿಳಿ ಚುಕ್ಕೆಯನ್ನು ತೆಗೆಯಬೇಕು. ಮೇಡಂ ಅದನ್ನು ಮಾಡುವಾಗ ಮಕ್ಕಳು ಅಳುತ್ತಿರಲಿಲ್ಲ. ಆದರೆ ಹಾಗೆ ಕೂಡಿಸಿದ ಹುಳುಗಳಲ್ಲಿ ಡಿಎನ್‌ಎ ಎಷ್ಟು ಸಿಕ್ಕೀತು? ಮೊದಲ ಎರಡು ಪ್ರಯತ್ನಗಳಲ್ಲಿ ನಾನು ತಿಂಗಳುಗಟ್ಟಲೆ ಜೋಡಿಸಿ ನೋಡಿದರೆ, ಬಂದದ್ದೆಲ್ಲ ಬಹುಪಾಲು ಮನುಷ್ಯರದು. ಹುಳು ತಿನ್ನುವುದು ನಮ್ಮ ಚರ್ಮವನ್ನು. ಅದರ ಹೊಟ್ಟೆಯಲ್ಲಿ ನಾವೇ ಇದ್ದೆವು. ಇದನ್ನು ಹೇಳಲು ನಾನು ಅಂಜುತ್ತ ಹೋದಾಗ ಮೇಡಂ ಕಣ್ಣು ಮುಚ್ಚಿಕೊಂಡೇ ಕೇಳಿ, "ಉಂಡ ಮನೀದ ಹೇಳ್ಲಿಕ್ಕತ್ತದ ಅದು, ತನ್ನದು ಹೇಳವಲ್ದು" ಅಂದರು. ಆಮೇಲೆ ಚಪ್ಪಲಿ ಮೆಟ್ಟಿಕೊಳ್ಳುತ್ತ, "ಮತ್ತೊಮ್ಮೆ ಮಾಡೋಣು" ಎಂದರು.

ಆ ವರ್ಷಗಳಲ್ಲಿ ಅವರ ಉಪನ್ಯಾಸ ಕೇಳುವುದು ಒಂದು ಮೋಜು. ಕಜ್ಜಿಯ ಚಿತ್ರ ಪರದೆಯ ಮೇಲೆ ಬಂದ ಸ್ವಲ್ಪ ಹೊತ್ತಿಗೆ ಸಭಾಂಗಣದಲ್ಲಿ ಒಬ್ಬೊಬ್ಬರೇ ಮೊಣಕೈ, ಕುತ್ತಿಗೆ ಕೆರೆದುಕೊಳ್ಳಲು ಶುರುಮಾಡುತ್ತಿದ್ದರು. ಮೇಡಂ ಮಾತು ನಿಲ್ಲಿಸಿ ಎಲ್ಲರನ್ನೂ ಒಮ್ಮೆ ನೋಡುತ್ತಿದ್ದರು. ಎಲ್ಲ ಕೈಗಳೂ ಕೆಳಗೆ ಇಳಿಯುತ್ತಿದ್ದವು. "ನಾಚಿಕೊಳ್ಳಬೇಡಿ. ತುರಿಸಿಕೊಳ್ಳುವವರಿಗೆ ನಾಚಿಕೆ ಕಲಿಸಿದ್ದೇ ನಾವು ಮಾಡಿದ ಮೊದಲ ತಪ್ಪು" ಎಂದು ಮುಂದುವರಿಸುತ್ತಿದ್ದರು.

ಶಾಂತವ್ವನ ಸುದ್ದಿ ತಂದವರು ಮೇಡಂ ಅವರ ಗಂಡ. ನಾಸಿಕದ ಹೊರಗೆ ಕಟ್ಟುತ್ತಿದ್ದ ಒಂದು ದೊಡ್ಡ ವಸತಿ ಕಟ್ಟಡದಲ್ಲಿ ಯಾದಗಿರಿ ಕಡೆಯ ಕೂಲಿ ಜನ ಇದ್ದರು. ಅಲ್ಲಿ ಒಬ್ಬ ಮುದುಕಿಗೆ ಕುಷ್ಠ ಆಗಿದೆ, ಉಳಿದವರು ಹತ್ತಿರ ಬಿಟ್ಟುಕೊಳ್ಳುತ್ತಿಲ್ಲ ಎಂದು ಅವರ ಪರಿಚಯದ ಒಬ್ಬರು ಹೇಳಿದ್ದರಂತೆ. "ನಿನ್ನ ಹುಳದ್ದ ಇರಬೇಕು, ನೋಡು" ಎಂದು ಹೆಂಡತಿಗೆ ಫೋನ್ ಮಾಡಿದರು. ಆ ವಾರ ಮೇಡಂ ಶನಿವಾರಕ್ಕೆ ಕಾಯಲಿಲ್ಲ. ನನ್ನನ್ನೂ ಕರೆದುಕೊಂಡು ಹೊರಟರು.

ಕೂಲಿಯವರ ತಗಡಿನ ಶೆಡ್ಡುಗಳ ಸಾಲಿನಿಂದ ದೂರ, ಸಿಮೆಂಟ್ ಚೀಲಗಳ ಮರೆಯಲ್ಲಿ ಶಾಂತವ್ವ ಕೂತಿದ್ದಳು. ಕೈ, ಮೊಣಕೈ, ಕುತ್ತಿಗೆಯ ಮೇಲೆಲ್ಲ ಬೂದು ಬಣ್ಣದ ದಪ್ಪ ಹಕ್ಕಳೆ. ಮರದ ತೊಗಟೆಯ ಹಾಗಿತ್ತು. ಸೊಸೆ ರೊಟ್ಟಿಯನ್ನು ದೂರದಿಂದ ಜಾರಿಸುತ್ತಿದ್ದಳು. ಮೇಡಂ ಹೋದವರೇ ನೆಲದ ಮೇಲೆ ಕೂತು ಆ ಕೈಯನ್ನು ತಮ್ಮ ಕೈಯೊಳಗೆ ತೆಗೆದುಕೊಂಡರು. ಶಾಂತವ್ವ ಗಾಬರಿಯಾಗಿ ಕೈ ಎಳೆದುಕೊಳ್ಳಲು ನೋಡಿದಳು.

"ಮುಟ್ಟಬ್ಯಾಡ್ರಿ ಬಾಯಾರ. ದೊಡ್ಡ ರೋಗ ಅದ."

"ದೊಡ್ಡ ರೋಗ ಅಲ್ಲ. ಕಜ್ಜಿ. ವಾಸಿ ಆಗ್ತದ್ರಿ."

"ಕಜ್ಜಿ ಹಿಂಗ ಇರ್ತದೇನ್ರಿ?"

"ಮಂಡಿನೋವಿಗೆ ಗುಳಿಗಿ ತಗೊಂಡೀರಿ ಏನು, ಭಾಳ ದಿನ?"

ತೆಗೆದುಕೊಂಡಿದ್ದಳು. ಯಾರೋ ಕೊಟ್ಟ ಗುಳಿಗೆ, ನೋವು ನಿಂತಿತೆಂದು ಬಿಡದೆ ನುಂಗಿದ್ದಳು. ಅದು ಮೈಯ ಕಾವಲನ್ನು ಕುಗ್ಗಿಸಿತ್ತು, ಹುಳುಗಳು ಲೆಕ್ಕವಿಲ್ಲದಷ್ಟು ಬೆಳೆದಿದ್ದವು. ನಾವು ವರ್ಷಗಟ್ಟಲೆ ಒಂದೊಂದಾಗಿ ಸೂಜಿಯಲ್ಲಿ ಹೆಕ್ಕಿದಂಥ ಹುಳು ಆ ಹಕ್ಕಳೆಯಲ್ಲಿ ಸಾವಿರಾರು ಇದ್ದವು. ಮೇಡಂ ನನ್ನ ಮುಖ ನೋಡಿದರು.

ನಾಸಿಕದಲ್ಲೇ ಅವರ ಸಹಪಾಠಿಯೊಬ್ಬರ ಆಸ್ಪತ್ರೆಯಲ್ಲಿ ಶಾಂತವ್ವನನ್ನು ಸೇರಿಸಿದ್ದಾಯಿತು. ಮುಖ್ಯಸ್ಥರಿಗೆ ಸುದ್ದಿ ಮುಟ್ಟಿಸಿದಾಗ ಅವರು ಸ್ಪೀಕರಿನಲ್ಲಿ ಮರಾಠಿಯಲ್ಲಿ ಹೇಳಿದ್ದು ನಾನೂ ಕೇಳಿದೆ: "ಮೇಡಂ, ಇಂಥ ಕೇಸು ಮತ್ತೆ ಸಿಗುವುದಿಲ್ಲ. ಒಂದು ವಾರ ಔಷಧ ತಡೆಯಿರಿ. ದಿನವೂ ಒಂದಿಷ್ಟು ಜೀವಂತ ಹುಳು ಕೂಡಿಸಿಕೊಳ್ಳೋಣ. ಇಷ್ಟು ದಿನ ಹೇಗೋ ಇದ್ದಾಳಲ್ಲ."

"ಇಷ್ಟು ದಿನ ಆಕೆ ಇರುವುದು ನಮಗೆ ಗೊತ್ತಿರಲಿಲ್ಲ ಸರ್. ಈಗ ಗೊತ್ತಾಗಿದೆ" ಎಂದರು ಮೇಡಂ.

ಔಷಧಕ್ಕೆ ಮೊದಲು ಹಕ್ಕಳೆಯನ್ನು ಮೆತ್ತಗೆ ಮಾಡಿ ತೆಗೆಯುವುದು ಚಿಕಿತ್ಸೆಯ ಭಾಗವೇ. ಆ ಒಂದು ಸಲಕ್ಕೆ ಬಂದಷ್ಟೇ ನಮ್ಮದು ಎಂದು ಅವರು ನಿಶ್ಚಯಿಸಿದರು. ಅದಕ್ಕೂ ಶಾಂತವ್ವನನ್ನು ಕೇಳಿದರು.

"ಹುಳಾ ಒಯ್ದು ಏನ್ ಮಾಡ್ತೀರಿ?" ಎಂದಳು ಅವಳು.

"ಅದರ ಹುಟ್ಟಿನ ಕಥಿ ಓದ್ತೀವ್ರಿ. ನೀವು ಹೂಂ ಅಂದ್ರ ಅಷ್ಟ."

"ನನಗ ಸಾಲಿಗೆ ಕಳಿಸಲಿಲ್ಲ ನಮ್ಮಪ್ಪ. ನನ್ನ ಹುಳಾ ಕಲೀಲಿ, ಒಯ್ಯಿರಿ. ನನಗಂತೂ ಬ್ಯಾಡಾಗ್ಯಾವ."

ಮೇಡಂ ಬಾಯಿಗೆ ಮಾಸ್ಕ್ ಇತ್ತು. ಆದರೂ ನಕ್ಕದ್ದು ಕಂಡಿತು. ತೆಗೆಯುವ ಕೆಲಸ ಮುಗಿದ ಕೂಡಲೇ ಗುಳಿಗೆ, ಮುಲಾಮು ಎರಡೂ ಶುರುವಾದವು. ನಾವು ಮತ್ತೆ ಶೆಡ್ಡಿಗೆ ಹೋದೆವು. ಸೊಸೆ, ಮಗ, ಮೊಮ್ಮಕ್ಕಳಿಗೆಲ್ಲ ಶಾಂತವ್ವನಿಂದ ಕಜ್ಜಿ ಹತ್ತಿತ್ತು. ಅವರಿಗೆ ಬೇಕಾದದ್ದು ಮುಲಾಮು ಮಾತ್ರ. ಒಂದು ಮನೆಗೆ ಒಂದು ಟ್ಯೂಬು ಕೊಟ್ಟು ಕಳಿಸುವುದು ಎಲ್ಲ ಕಡೆಯ ರೂಢಿ. ಮೇಡಂ ತಲೆಗೊಂದು ಕೊಟ್ಟರು. ಕುತ್ತಿಗೆಯಿಂದ ಅಂಗಾಲಿನವರೆಗೆ, ಉಗುರಿನ ಕೆಳಗೆ ಸಹ ಹೇಗೆ ಹಚ್ಚಬೇಕೆಂದು ಕಿರಿಯ ಮೊಮ್ಮಗಳ ಮೈಗೆ ತಾವೇ ಹಚ್ಚಿ ತೋರಿಸಿದರು. ಒಂದು ವಾರ ಬಿಟ್ಟು ಮತ್ತೊಮ್ಮೆ ಹೋಗಿ ಹಚ್ಚಿಸಿ ಬಂದರು.

ಆ ಸಲದ ಓದು ಬೇರೆಯೇ ಆಗಿತ್ತು. ಹುಳುವಿನ ಅಕ್ಷರಗಳು ಕಡೆಗೂ ಬಂದವು. ಪೂರ್ತಿ ಜೀನೋಮ್‌ಗೆ ಸಾಲುವಷ್ಟು ಇರಲಿಲ್ಲ, ಅಲ್ಲಲ್ಲಿ ತೂತು. ಆದರೆ ಹುಳುವಿನ ನರದಲ್ಲಿ ಮುಲಾಮು ತಾಗುವ ಜಾಗವನ್ನು ರೂಪಿಸುವ ಜೀನ್ ಸಿಕ್ಕಿತ್ತು. ಅದರಲ್ಲಿ ಒಂದು ಕಡೆ ಒಂದು ಅಕ್ಷರ ಬದಲಾದಂತೆ ಕಾಣುತ್ತಿತ್ತು. ನಾನು ತೋರಿಸಿದಾಗ ಮೇಡಂ ಖುರ್ಚಿಯಲ್ಲಿ ನೆಟ್ಟಗೆ ಕೂತರು. ಅಷ್ಟು ವರ್ಷಗಳಲ್ಲಿ ಅವರು ಹಾಗೆ ಕೂತದ್ದು ಅದೊಂದೇ ಸಲ.

"ಖರೇ ಏನು ಇದು?"

"ಖಾತ್ರಿ ಇಲ್ರೀ ಮೇಡಂ. ಕೆಲವು ಓದಿನಾಗ ಕಾಣತೈತಿ, ಭಾಳಷ್ಟು ಓದಿನಾಗ ಇಲ್ಲ. ಯಂತ್ರ ತಪ್ಪಿ ಓದಿದ್ದೂ ಇರಬಹುದು. ಇನ್ನೊಂದು ಸಲ ಅದ ಹುಳಾ ಸಿಕ್ರ ಗೊತ್ತಾಗತೈತಿ."

ಮುಖ್ಯಸ್ಥರಿಗೆ ಅಷ್ಟೇ ಸಾಕಾಗಿತ್ತು. ಔಷಧಕ್ಕೆ ಬಗ್ಗದ ಕಜ್ಜಿ ಹುಳು ಈ ಭಾಗದಲ್ಲಿ ಸಿಕ್ಕಿದೆ ಎಂದು ಪ್ರಕಟಿಸೋಣ, ಯೋಜನೆ ಮುಂದುವರಿಯುತ್ತದೆ ಎಂದರು. ಅವರು ಕೆಟ್ಟ ಮನುಷ್ಯರಲ್ಲ. ಯೋಜನೆ ನಿಂತರೆ ನನ್ನನ್ನೂ ಸೇರಿಸಿ ಹಲವರ ಕೆಲಸ ಹೋಗುತ್ತಿತ್ತು, ಅದು ಅವರ ತಲೆಯಲ್ಲಿತ್ತು. ಮೇಡಂಗೂ ಬೇಕಾಗಿದ್ದದ್ದು ಅದೇ ಉತ್ತರ. ಹುಳುವಿನ ಮೇಲೆ ತಪ್ಪು ಹೊರಿಸಲು ಅವರು ವರ್ಷಗಟ್ಟಲೆ ಕಾದಿದ್ದರು. ಒಂದು ಸಹಿ ಹಾಕಿದ್ದರೆ ಎಲ್ಲರಿಗೂ ಸುಖವಿತ್ತು.

ಅವರು ಶಾಂತವ್ವನ ಮನೆಯವರನ್ನು ಹುಡುಕಿಕೊಂಡು ಹೊರಟರು. ನಾಸಿಕದ ಕಟ್ಟಡ ಮುಗಿದಿತ್ತು. ಕೂಲಿಯವರನ್ನು ಕರೆತಂದ ಮುಕಾದಮನ ಫೋನ್ ನಂಬರು ಹೇಗೋ ಸಿಕ್ಕಿ, ಅವರೆಲ್ಲ ಈಗ ಪೈಠಣದ ಹತ್ತಿರ ಒಂದು ಗೋದಾಮು ಕಟ್ಟುತ್ತಿದ್ದಾರೆಂದು ತಿಳಿಯಿತು. ಬಿಸಿಲು ಜೋರಾಗಿತ್ತು. ನಾನು ತಂಪು ಡಬ್ಬಿ, ಸೂಜಿ, ಸಣ್ಣ ಶೀಸೆಗಳನ್ನೆಲ್ಲ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಬರೀ ಮುಲಾಮು ಹಚ್ಚಿದ ಆ ಮನೆಮಂದಿಯ ಮೈಮೇಲೆ ಹುಳು ಉಳಿದಿದ್ದರೆ ಮುಲಾಮು ಸೋತಿದೆ ಎಂದರ್ಥ, ನಮಗೆ ಮತ್ತೆ ಓದಲು ಹುಳುವೂ ಸಿಗುತ್ತಿತ್ತು.

ಶಾಂತವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಮೊದಲು ನನಗೆ ಗುರುತೇ ಸಿಗಲಿಲ್ಲ. ಕೈಗಳು ಬರೀ ಕೈಗಳಾಗಿದ್ದವು, ಹಿಟ್ಟು ಮೆತ್ತಿದ್ದವು. ಸೊಸೆ ಅವಳ ಪಕ್ಕದಲ್ಲೇ ಕೂತು ಕಾಯಿಪಲ್ಲೆ ಹೆಚ್ಚುತ್ತಿದ್ದಳು. ಮೇಡಂ ಎಲ್ಲರ ಕೈ ಒಂದೊಂದಾಗಿ ಹಿಡಿದು ನೋಡಿದರು. ಕಿರಿಯ ಮೊಮ್ಮಗಳು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮರಾಠಿಯಲ್ಲಿ ಉತ್ತರ ಹೇಳುತ್ತ, ಕೈ ಆದ ಮೇಲೆ ಕಾಲನ್ನೂ ಚಾಚಿದಳು. ಎಲ್ಲೂ ಏನೂ ಇರಲಿಲ್ಲ. ಮತ್ತೆ ಬಂದಿತ್ತೇ ಎಂದು ಸೊಸೆಯನ್ನು ಕೇಳಿದರು. ಇಲ್ಲವೆಂದಳು.

ಮೇಡಂ ಇಟ್ಟಿಗೆಯ ರಾಶಿಯ ಮೇಲೆ ಕೂತರು. ಶಾಂತವ್ವ ನನ್ನ ಕೈಯಲ್ಲಿದ್ದ ಡಬ್ಬಿ ನೋಡಿ ಕೇಳಿದಳು, "ಮತ್ತ ಹುಳಾ ಬೇಕಾಗಿದ್ವೇನ್ರಿ? ಇದ್ದಾಗ ಇನ್ನಷ್ಟು ಒಯ್ಯಬೇಕಿತ್ತಲ್ಲ."

"ಬ್ಯಾಡ್ರಿ" ಎಂದರು ಮೇಡಂ. "ಇಲ್ಲದ್ದನ್ನ ನೋಡ್ಲಿಕ್ಕ ಬಂದಿದ್ದೆ."

ರೊಟ್ಟಿ ತಿಂದೇ ಹೋಗಬೇಕೆಂದು ಹಟ ಮಾಡಿದಳು. ತಿಂದೆವು. ಮರಳಿ ಬರುವಾಗ ಕಾರಿನಲ್ಲಿ ಮೇಡಂ, "ಅದ ಹುಳಾ, ಅದ ಮುಲಾಮು. ಸರಿಯಾಗಿ ಹಚ್ಚಿದ್ರ ಸತ್ತಾವ. ಇದು ಪೂರಾ ಸಾಕ್ಷಿ ಅಲ್ಲ ಅಂತ ನನಗೂ ಗೊತ್ತದ. ಆದ್ರ ಆ ಒಂದು ಅಕ್ಷರ ನಂಬಲಿಕ್ಕ ಇನ್ನ ನನ್ನ ಕಡೆಯಿಂದ ಆಗೂದಿಲ್ಲ" ಎಂದರು. "ಅವರ ಕೈ ನೋಡಿ ಖುಷಿ ಆತು. ಹುಳಕ್ಕ ಬೈಯೂದು ತಪ್ಪಿತಲ್ಲ ಅಂತ ಸ್ವಲ್ಪ ಬ್ಯಾಸರಾನೂ ಆತು."

ಔಷಧಕ್ಕೆ ಬಗ್ಗದ ಹುಳು ಇದೆ ಎನ್ನಲು ನಮ್ಮ ಬಳಿ ಆಧಾರವಿಲ್ಲ ಎಂದು ಅವರು ಬರೆದರು. ಮುಖ್ಯಸ್ಥರು ಕೆಲವು ದಿನ ಫೋನಿನಲ್ಲಿ ವಾದಿಸಿ, ಆಮೇಲೆ ಸುಮ್ಮನಾದರು. ಏನೂ ಸಿಗಲಿಲ್ಲ ಎನ್ನುವ ಲೇಖನ ಎರಡು ಕಡೆಯಿಂದ ತಿರಸ್ಕೃತವಾಗಿ ಬಂದು, ಮೂರನೆಯ ಕಡೆ ಅಚ್ಚಾಯಿತು. ಯಾರೂ ಅದನ್ನು ಓದಿದಂತೆ ಕಾಣಲಿಲ್ಲ. ಯೋಜನೆ ಮುಂದುವರಿಯಲಿಲ್ಲ. ನಾನು ಒಂದು ಬೀಜ ಕಂಪನಿಗೆ ಸೇರಿದೆ. ಈಗ ಹತ್ತಿಯ, ಮೆಣಸಿನಕಾಯಿಯ ಜೀನೋಮ್ ಓದುತ್ತೇನೆ. ಯಾರೂ ಮೈ ಕೆರೆದುಕೊಳ್ಳುವುದಿಲ್ಲ.

ಮೇಡಂ ಆ ಆಶ್ರಮಶಾಳೆಗೆ ಹೋಗುವುದನ್ನು ಬಿಡಲಿಲ್ಲ. ಮಕ್ಕಳು, ಮಾಸ್ತರರು, ಅಡುಗೆಯವರು, ಎಲ್ಲರಿಗೂ ಒಂದೇ ದಿನ ಮುಲಾಮು ಹಚ್ಚಿಸಿದರು, ಹಾಸಿಗೆ ಹೊದಿಕೆಗಳನ್ನೆಲ್ಲ ಬಿಸಿಲಿಗೆ ಹಾಕಿಸಿದರು. ಕೆಲವು ತಿಂಗಳು ಶಾಲೆಯಲ್ಲಿ ಯಾರೂ ತುರಿಸಿಕೊಳ್ಳಲಿಲ್ಲ. ರಜೆಗೆ ಮಕ್ಕಳು ಮನೆಗೆ ಹೋದರು, ಒಂದೇ ಕಂಬಳಿಯಡಿ ಮನೆಮಂದಿಯೆಲ್ಲ ಮಲಗಿದರು, ಬರುವಾಗ ಮತ್ತೆ ತಂದರು. ಮಾಸ್ತರರು ಹಳೆಯ ಮಾತನ್ನೇ ಹೇಳಿದರು. ಮೇಡಂ ಮತ್ತೆ ಹಚ್ಚಿಸಿದರು. ನಿವೃತ್ತರಾಗುವವರೆಗೆ ಹೀಗೇ ನಡೆಯಿತು. ಬೇರೆ ದೇಶದವರು ಆ ಹುಳುವಿನ ಜೀನೋಮನ್ನು ನಮಗಿಂತ ಚೆನ್ನಾಗಿ ಓದಿ ಮುಗಿಸಿದ್ದನ್ನು ನಾನು ಫೋನಿನಲ್ಲಿ ಹೇಳಿದಾಗ, "ಆತಲ್ಲ. ಯಾರರೆ ಓದ್ಲಿ" ಎಂದು ಬಿಟ್ಟರು. ದನಿಯಲ್ಲಿ ಹೊಟ್ಟೆಕಿಚ್ಚು ಹುಡುಕಿದೆ, ಸಿಗಲಿಲ್ಲ.

ದಿನಕರ್ಮಗಳೆಲ್ಲ ಮುಗಿದ ಮೇಲೆ ನಾನು ನಾಸಿಕಕ್ಕೆ ಹೋಗಿ ಅವರ ಗಂಡನನ್ನು ಕಂಡೆ. ಅವರೂ ನಿವೃತ್ತರಾಗಿ ಕೆಲವು ವರ್ಷಗಳಾಗಿದ್ದವು. ವರಾಂಡದಲ್ಲಿ ಇಬ್ಬರೂ ಕೂತೆವು.

"ಆಕಿ ಕೆಲಸದ್ದು ನಾ ಎಂದೂ ವಿಚಾರಿಸಲಿಲ್ಲ" ಎಂದರು. "ಹೋಗ್ತಿದ್ಲು, ಬರ್ತಿದ್ಲು, ಮಲಗ್ತಿದ್ಲು. ಕಡೀಗೆ ಏನು ಸಿಕ್ಕಿತವ್ವಾ ಅದರಾಗ?"

"ಹುಳಾ ಬದಲಾಗೈತಿ ಅನ್ನಾಕ ಆಧಾರ ಇಲ್ಲ ಅಂತ ಗೊತ್ತಾತ್ರಿ."

"ಅಷ್ಟ?"

"ಅಷ್ಟರಿ."

"ಅಷ್ಟು ಹೇಳ್ಲಿಕ್ಕೆ ಇಷ್ಟು ವರ್ಷ ಬೇಕಾದವೇನು?"

"ಸುಳ್ಳು ಹೇಳಿದ್ರ ಲಗೂನ ಮುಗೀತಿತ್ರಿ" ಎಂದೆ.

ಅವರು ನನ್ನ ಮುಖ ನೋಡಿದರು. ಆಮೇಲೆ ಮೆಲ್ಲಗೆ ಎದ್ದು, "ಊಟ ಮಾಡಿ ಹೋಗವ್ವ. ಆಕಿದು ಇನ್ನೂ ಏನೇನದ, ಹೇಳು" ಎನ್ನುತ್ತ ಎರಡು ತಾಟು ತರಲು ಒಳಗೆ ಹೋದರು.